ನಿಮಗಿದು ಗೊತ್ತೇ? ಮಕರಪುರದ ಸುತ್ತ ಜೀವವಿಕಾಸದ ಜಾಡು

ಜೀವವಿಕಾಸ ಎಂದ ಕೂಡಲೇ ಎಲ್ಲರೂ ಗಲಾಪಗೋಸ್ ದ್ವೀಪದ ಕಡೆ ಕೈ ತೋರಿಸುತ್ತಾರೆ. ಅಷ್ಟು ದೂರ ಏಕೆ? ವಡೋದರಾ ನಗರದ ದಕ್ಷಿಣಕ್ಕಿರುವ ಮಕರಪುರದಲ್ಲಿ ನಿಂತುಕೊಳ್ಳಿ. ಒಂದು ಕಡೆ ಜಿ.ಐ.ಡಿ.ಸಿ. ಕಾರ್ಖಾನೆಗಳು, ಇನ್ನೊಂದು ಕಡೆ ಗಾಯಕವಾಡ ಅರಸರ ಹಳೆಯ ಅರಮನೆ. ಅಲ್ಲಿಂದ ಒಂದು ರಾತ್ರಿಯ ಪ್ರಯಾಣದೊಳಗೆ ಡೈನೋಸಾರ್ ಮೊಟ್ಟೆಯಿಂದ ಹಿಡಿದು ಕಾಲಿದ್ದ ತಿಮಿಂಗಿಲದವರೆಗೆ ಎಲ್ಲವೂ ಮಣ್ಣಿನಿಂದ ಮೇಲೆದ್ದಿವೆ. ಹತ್ತಿ ಹೊಲಗಳಲ್ಲಂತೂ ವಿಕಾಸ ಈಗಲೂ ನಡೆದೇ ಇದೆ.

● ಮೊಸಳೆಗೆ ಹತ್ತಿರದ ನೆಂಟ ಯಾರು? ಹಲ್ಲಿಯಲ್ಲ, ಉಡವಲ್ಲ, ಆಮೆಯೂ ಅಲ್ಲ. ಹಕ್ಕಿ! ಪಾವಾಗಢ ಬೆಟ್ಟದ ಕಡೆಯಿಂದ ಇಳಿದು ವಡೋದರಾ ನಗರದ ನಡುವೆಯೇ ಹರಿಯುವ ವಿಶ್ವಾಮಿತ್ರಿ ನದಿಯಲ್ಲಿ ನೂರಾರು ಮೊಸಳೆಗಳಿವೆ. 2024ರ ಆಗಸ್ಟ್ ನೆರೆಯಲ್ಲಿ ಅವು ಬೀದಿಗೆ, ಮನೆಯಂಗಳಕ್ಕೆ ಬಂದವು. ಮೂರೇ ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೊಸಳೆಗಳನ್ನು ಹಿಡಿದು ಸಾಗಿಸಬೇಕಾಯಿತು. ಆ ಮೊಸಳೆಯ ಎದೆಯೊಳಗೆ ಹಕ್ಕಿಗಿರುವಂತೆ ನಾಲ್ಕು ಕೋಣೆಯ ಹೃದಯವಿದೆ. ಹಲ್ಲಿಗೆ, ಹಾವಿಗೆ ಅದು ಮೂರೇ ಕೋಣೆ. ತಾಯಿ ಮೊಸಳೆ ಗೂಡು ಕಾಯುತ್ತದೆ, ಮರಿಗಳನ್ನು ಬಾಯಲ್ಲಿ ಮೆಲ್ಲಗೆ ಎತ್ತಿ ನೀರಿಗೆ ಬಿಡುತ್ತದೆ. ಮೊಸಳೆ, ಡೈನೋಸಾರ್, ಹಕ್ಕಿ ಈ ಮೂರಕ್ಕೂ ಸುಮಾರು 25 ಕೋಟಿ ವರ್ಷಗಳ ಹಿಂದೆ ಒಬ್ಬನೇ ಮೂಲಪುರುಷ.

● ‘ಮೊಸಳೆ ಡೈನೋಸಾರ್ ಕಾಲದಿಂದ ಬದಲಾಗಿಯೇ ಇಲ್ಲ’ ಎಂಬ ಮಾತನ್ನು ನಂಬಬೇಡಿ. ಅದರ ವಂಶದಲ್ಲಿ ಸೊಪ್ಪು ತಿನ್ನುವವೂ ಇದ್ದವು, ಕಾಲುಗಳು ಈಜುರೆಕ್ಕೆಯಾಗಿ ಕಡಲಲ್ಲೇ ಬದುಕಿದವೂ ಇದ್ದವು. ಅವೆಲ್ಲ ಅಳಿದವು. ಉಳಿದ ಒಂದು ಕವಲನ್ನು ನೋಡಿ ಇಡೀ ವಂಶವೇ ಹೀಗಿತ್ತು ಅಂದರೆ ಹೇಗೆ?

● ಡೈನೋಸಾರ್ ಮೊಟ್ಟೆಯಿಂದ ಮಸಾಲೆ ಅರೆದದ್ದುಂಟು! ವಡೋದರಾದಿಂದ ಸುಮಾರು 90 ಕಿ.ಮೀ. ದೂರದ ಬಾಲಾಸಿನೋರ್ ಬಳಿ ರೈಯೋಲಿ ಎಂಬ ಹಳ್ಳಿ. 1980ರ ದಶಕದ ಆರಂಭದಲ್ಲಿ ಭೂವಿಜ್ಞಾನಿಗಳು ಇಲ್ಲಿ ಮೂಳೆಗಳನ್ನೂ ರಾಶಿ ರಾಶಿ ಮೊಟ್ಟೆಗಳನ್ನೂ ಪತ್ತೆ ಹಚ್ಚಿದರು. ಹಳ್ಳಿಯವರಿಗೆ ಅವು ಗುಂಡುಕಲ್ಲು, ಅಷ್ಟೇ. ಈ ತಾಣದ ರಕ್ಷಣೆಗೆ ಓಡಾಡುತ್ತಿರುವ ಬಾಲಾಸಿನೋರ್ ರಾಜಮನೆತನದ ಆಲಿಯಾ ಸುಲ್ತಾನಾ ಬಾಬಿಯವರಿಗೆ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಅಂಥದೇ ಕಲ್ಲಿನಿಂದ ಮಸಾಲೆ ಅರೆಯುತ್ತಿದ್ದುದು ಕಣ್ಣಿಗೆ ಬಿತ್ತು. ನೋಡಿದರೆ ಅದು ಆರೂವರೆ ಕೋಟಿ ವರ್ಷ ಹಳೆಯ ಮೊಟ್ಟೆ. ಈ ಪ್ರದೇಶದ ಮೂಳೆಗಳಿಂದಲೇ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಮಾಂಸಾಹಾರಿ ಡೈನೋಸಾರ್‌ಗೆ ನಾಮಕರಣವಾಯಿತು. ತಲೆಯ ಮೇಲೆ ಗಿಡ್ಡ ಕೊಂಬಿದ್ದ ಪ್ರಾಣಿ. ಅದರ ಹತ್ತಿರದ ನೆಂಟರು ಸಿಕ್ಕಿರುವುದು ಮಡಗಾಸ್ಕರ್‌ನಲ್ಲಿ, ದಕ್ಷಿಣ ಅಮೆರಿಕದಲ್ಲಿ. ಈ ನೆಲಗಳೆಲ್ಲ ಒಮ್ಮೆ ಒಂದೇ ಭೂಖಂಡವಾಗಿದ್ದವು ಎಂಬುದಕ್ಕೆ ಕಲ್ಲೇ ಸಾಕ್ಷಿ.

● ಗೂಡಿಗೆ ನುಗ್ಗಿದ ಹಾವು ಕಲ್ಲಾಗಿ ಸಿಕ್ಕಿದೆ. ಗುಜರಾತಿನ ಢೋಲಿ ಡುಂಗ್ರಿ ಎಂಬ ಹಳ್ಳಿಯಲ್ಲಿ 1980ರ ದಶಕದಲ್ಲಿ ಭೂವಿಜ್ಞಾನಿ ಧನಂಜಯ ಮೋಹಬೆ ಒಂದು ಡೈನೋಸಾರ್ ಗೂಡನ್ನು ಅಗೆದು ತೆಗೆದಿದ್ದರು. ಮೊಟ್ಟೆಗಳ ಜೊತೆ ಸಣ್ಣ ಮೂಳೆಗಳೂ ಇದ್ದವು. ಮರಿಯ ಮೂಳೆಗಳಿರಬೇಕು ಅಂದುಕೊಂಡರು. 2001ರಲ್ಲಿ ಅದೇ ಕಲ್ಲನ್ನು ಕೈಗೆತ್ತಿಕೊಂಡ ಅಮೆರಿಕದ ಜೆಫ್ರಿ ವಿಲ್ಸನ್ ಅವರಿಗೆ ಕೆಲವು ಮಣಿಮೂಳೆಗಳು ಹಾವಿನವು ಎಂದು ಹೊಳೆಯಿತು. ಕಲ್ಲನ್ನು ಬಿಡಿಸುತ್ತ ಹೋದಂತೆ ಚಿತ್ರ ಸ್ಪಷ್ಟವಾಯಿತು: ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡ ಮೂರೂವರೆ ಮೀಟರ್ ಉದ್ದದ ಹಾವು, ಪಕ್ಕದಲ್ಲಿ ಆಗಷ್ಟೇ ಹೊರಬಂದ ಅರ್ಧ ಮೀಟರ್ ಮರಿ. ಅಷ್ಟರಲ್ಲಿ ಮಣ್ಣು ಕುಸಿದು ಎಲ್ಲವನ್ನೂ ಮುಚ್ಚಿಬಿಟ್ಟಿದೆ. 2010ರಲ್ಲಿ ಇದಕ್ಕೆ ಸನಾಜೇ ಇಂಡಿಕಸ್ ಎಂದು ಹೆಸರಿಟ್ಟರು. ಇಲ್ಲಿ ಗಮನಿಸಬೇಕಾದದ್ದು ಹಾವಿನ ದವಡೆ. ಇಂದಿನ ಹೆಬ್ಬಾವು ತನ್ನ ತಲೆಗಿಂತ ಎಷ್ಟೋ ದೊಡ್ಡ ಜಿಂಕೆಯನ್ನು ನುಂಗುತ್ತದೆ. ಸನಾಜೇಯ ಬಾಯಿ ಅಷ್ಟು ಅಗಲಿಸುತ್ತಿರಲಿಲ್ಲ. ಹಾಗಾಗಿ ಗಟ್ಟಿ ಮೊಟ್ಟೆ ಬಿಟ್ಟು ಮೆತ್ತನೆ ಮರಿಗೆ ಹೊಂಚು ಹಾಕಿತ್ತು. ಹಾವಿನ ಬಾಯಿ ಹಂತ ಹಂತವಾಗಿ ಅಗಲವಾಯಿತು ಎನ್ನುವುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಕೇ?

● ಹಾವಿನ ಮಾತು ಬಂತು, ಇನ್ನೊಂದನ್ನೂ ಹೇಳಿಬಿಡೋಣ. ಕಛ್ಛಿನ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ಸಿಕ್ಕ 27 ಮಣಿಮೂಳೆಗಳು ಒಂದೇ ಹಾವಿನವು. ಐ.ಐ.ಟಿ. ರೂರ್ಕಿಯ ದೇಬಜಿತ್ ದತ್ತ ಮತ್ತು ಸುನಿಲ್ ಬಾಜಪೇಯಿ 2024ರಲ್ಲಿ ಇದಕ್ಕೆ ವಾಸುಕಿ ಇಂಡಿಕಸ್ ಎಂದು ಹೆಸರಿಟ್ಟರು. ಉದ್ದ 11ರಿಂದ 15 ಮೀಟರ್ ಎಂಬ ಅಂದಾಜು. ಬಿ.ಎಂ.ಟಿ.ಸಿ. ಬಸ್ಸಿನ ಉದ್ದ 12 ಮೀಟರ್!

● ಕಛ್ಛಿನ ಒಣನೆಲದಲ್ಲಿ ತಿಮಿಂಗಿಲ. ಮಳೆಯೇ ಅಪರೂಪವಾದ ಹರೂಡಿ ಎಂಬಲ್ಲಿ ಸುಮಾರು ನಾಲ್ಕೂಕಾಲು ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಕಡಲಿತ್ತು. ಅಲ್ಲಿನ ತಿಮಿಂಗಿಲಗಳನ್ನು ಅಶೋಕ್ ಸಾಹ್ನಿ ಮತ್ತು ವಿ.ಪಿ. ಮಿಶ್ರ 1975ರಲ್ಲೇ ವಿವರಿಸಿದ್ದರು. 2000ದಲ್ಲಿ ಹೆಸರು ಪಡೆದ ಕಛ್ಛಿಸೀಟಸ್ ಇವುಗಳಲ್ಲೆಲ್ಲ ಚಿಕ್ಕದು. ಉದ್ದ ಮೂತಿ, ಉದ್ದ ಬಾಲ, ಗಿಡ್ಡವಾದರೂ ನಾಲ್ಕು ಕಾಲು. ನೋಡಿದವರು ನೀರುನಾಯಿ ಅನ್ನುತ್ತಿದ್ದರು.

ಇಂದಿನ ತಿಮಿಂಗಿಲದ ಮೈಯಲ್ಲೇ ಈ ಹಳೆಯ ಲೆಕ್ಕ ಬರೆದಿದೆ. ಮೀನು ಬಾಲವನ್ನು ಎಡಬಲಕ್ಕೆ ಬೀಸುತ್ತದೆ, ತಿಮಿಂಗಿಲ ಮೇಲೆ ಕೆಳಗೆ. ಓಡುವ ನಾಯಿಯ ಬೆನ್ನು ಬಾಗುವುದೂ ಹಾಗೆಯೇ. ಅದರ ಮಾಂಸದೊಳಗೆ ಯಾವ ಕಾಲಿಗೂ ಅಂಟದ ಸೊಂಟದ ಮೂಳೆಯ ಚೂರುಗಳಿವೆ. ಉಸಿರಿಗೆ ಮೇಲೆ ಬರಲೇಬೇಕು, ಮರಿಗೆ ಹಾಲೂಡಿಸಲೇಬೇಕು. ಬದುಕಿರುವ ಪ್ರಾಣಿಗಳಲ್ಲಿ ಅದಕ್ಕೆ ತೀರ ಹತ್ತಿರದ್ದು ನೀರಾನೆ. ವಿಕಾಸ ಹೊಸ ನಕಾಶೆ ಹಾಕಿ ಪ್ರಾಣಿ ಕಟ್ಟುವುದಿಲ್ಲ, ಇದ್ದುದನ್ನೇ ತಿದ್ದುತ್ತದೆ.

● ತಿಮಿಂಗಿಲದ ಕತೆಯ ಇನ್ನೊಂದು ಎಳೆ ಜಮ್ಮು–ಕಾಶ್ಮೀರದ್ದು. ಭೂವಿಜ್ಞಾನಿ ಎ. ರಂಗರಾವ್ ಅಲ್ಲಿನ ಕಾಲಾಕೋಟ್‌ನಿಂದ ಕಲ್ಲುಗಳನ್ನು ತಂದಿಟ್ಟು, 1971ರಲ್ಲಿ ಇಂಡೋಹ್ಯೂಸ್ ಎಂಬ ಗೊರಸಿನ ಪ್ರಾಣಿಗೆ ಹೆಸರಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಪತ್ನಿ ಆ ಕಲ್ಲುಗಳನ್ನು ಪಳೆಯುಳಿಕೆ ವಿಜ್ಞಾನಿ ಹಾನ್ಸ್ ಥೀವಿಸನ್ ಅವರಿಗೆ ಒಪ್ಪಿಸಿದರು. ಪ್ರಯೋಗಾಲಯದಲ್ಲಿ ಕೈತಪ್ಪಿ ಒಂದು ಬುರುಡೆ ಮುರಿಯಿತು. ಒಳಗೆ ಕಂಡ ಕಿವಿಮೂಳೆಯ ದಪ್ಪ ಗೋಡೆ ಅಲ್ಲಿಯವರೆಗೆ ತಿಮಿಂಗಿಲಗಳಲ್ಲಿ ಮಾತ್ರ ಕಂಡದ್ದು! ಬೆಕ್ಕಿನ ಗಾತ್ರದ, ಜಿಂಕೆಯಂಥ ಕಾಲಿನ ಪ್ರಾಣಿ ತಿಮಿಂಗಿಲದ ದಾಯಾದಿ ಎಂದು 2007ರಲ್ಲಿ ಲೋಕಕ್ಕೆ ಗೊತ್ತಾಯಿತು.

● ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಶಿಲಾರಾಳ, ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಬಳಗದ್ದು. ಐದು ಕೋಟಿ ವರ್ಷಗಳ ಹಿಂದೆ ಒಸರಿದ ಆ ಅಂಟಿನಲ್ಲಿ ಇರುವೆ, ಜೇನು, ಗೆದ್ದಲು, ಜೇಡ ಕಾಲಿನ ರೋಮವೂ ಕೆಡದಂತೆ ಸೆರೆಯಾಗಿವೆ. ಆಗ ಭಾರತ ಏಷ್ಯಾಕ್ಕೆ ಇನ್ನೂ ಸರಿಯಾಗಿ ಅಂಟಿರಲಿಲ್ಲ, ಹಾಗಾಗಿ ಬೇರೆಲ್ಲೂ ಇಲ್ಲದ ಕೀಟಗಳೇ ಸಿಗಬೇಕು ಎಂಬ ನಿರೀಕ್ಷೆ ಇತ್ತು. 2010ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಹೇಳಿತು. ಅನೇಕ ಕೀಟಗಳಿಗೆ ಯುರೋಪು, ಏಷ್ಯಾಗಳಲ್ಲಿ ನೆಂಟರಿದ್ದರು. ನಡುವಿನ ದ್ವೀಪಗಳನ್ನು ಮೆಟ್ಟಿಲು ಮಾಡಿಕೊಂಡು ಬಂದು ಹೋಗುವ ವ್ಯವಹಾರ ಆಗಲೇ ಶುರುವಾಗಿತ್ತು.

● ಅದೇ ಗಣಿಯ ಇನ್ನೊಂದು ನಿಧಿ ಕ್ಯಾಂಬೇಥೀರಿಯಮ್. ಕುರಿಯಷ್ಟು ಎತ್ತರ, ಕಾಲಿಗೆ ಹಲವು ಬೆರಳು. ಕುದುರೆ, ಘೇಂಡಾಮೃಗ, ಟೇಪಿರ್ ಈ ಮೂರರ ವಂಶಕ್ಕೆ ತೀರ ಹತ್ತಿರದ ಹಳೆಯ ಜೀವಿ ಇದು. ಆ ವಂಶ ಹುಟ್ಟಿದ್ದೇ ಈ ನೆಲದಲ್ಲಿರಬಹುದು ಎಂದು 2014ರಲ್ಲಿ ವಿಜ್ಞಾನಿಗಳು ವಾದಿಸಿದರು. ಕುದುರೆಯ ಕವಲಿನಲ್ಲಿ ಬೆರಳು ಸವೆದು ಸವೆದು ಒಂದೇ ಉಳಿಯಿತು, ಅದೇ ಗೊರಸು. ಕಛ್ಛಿನ ಚಿಕ್ಕ ರಣ್‌ನಲ್ಲಿ ಇಂದು ಓಡುವ ಕಾಡುಕತ್ತೆ ನಿಂತಿರುವುದು ಕಾಲಿಗೊಂದರಂತೆ ನಾಲ್ಕೇ ಬೆರಳ ಮೇಲೆ.

● ವಸ್ತಾನ್‌ನಲ್ಲಿ ಐದು ಕೋಟಿ ವರ್ಷಕ್ಕೂ ಹಿಂದಿನ ಬಾವಲಿಗಳು ಒಂದೆರಡಲ್ಲ, ಏಳು ಬಗೆಯವು ಸಿಕ್ಕಿವೆ. ಬಾವಲಿಯ ರೆಕ್ಕೆಯೊಳಗಿರುವುದು ಕೈಬೆರಳು. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಪರಿಚಿತವಾದ ಹಾರುವ ಓತಿಯ ರೆಕ್ಕೆಯೊಳಗಿರುವುದು ಪಕ್ಕೆಲುಬು. ಹಕ್ಕಿಯದು ಗರಿ ಹೊತ್ತ ತೋಳು. ಹಾರಾಟ ಒಂದೇ, ದಾರಿ ಮೂರು.

● ಕಛ್ಛಿನ ರಾಜಹಂಸಕ್ಕೆ ಹತ್ತಿರದ ನೆಂಟ ಕೊಕ್ಕರೆಯಲ್ಲ. ನಮ್ಮೂರ ಕೆರೆಯಲ್ಲಿ ಮುಳುಗಿ ಏಳುವ ಪುಟ್ಟ ಗುಳುಮುಳುಕ.

● 1994ರಲ್ಲಿ ಸೂರತ್ತನ್ನು ಬೆಚ್ಚಿಬೀಳಿಸಿದ ಪ್ಲೇಗ್‌ನ ರೋಗಾಣು, ಹೊಟ್ಟೆಕೆಡಿಸುವ ಸಾಧಾರಣ ಬ್ಯಾಕ್ಟೀರಿಯಾದಿಂದ ಕವಲೊಡೆದದ್ದು, ಅದೂ ಕೆಲವೇ ಸಾವಿರ ವರ್ಷಗಳ ಹಿಂದೆ. ಕೆಲವು ವಂಶವಾಹಿಗಳು ಸೇರಿದವು, ಕೆಲವು ಕೆಟ್ಟವು, ಚಿಗಟದ ಹೊಟ್ಟೆಯಲ್ಲಿ ಬದುಕುವ ಕಲೆ ಸಿದ್ಧಿಸಿತು.

● ದೊಡ್ಡವರಾದ ಮೇಲೂ ಹಾಲು ಜೀರ್ಣಿಸಿಕೊಳ್ಳುವುದು ಸಸ್ತನಿಗಳಲ್ಲಿ ಅಪರೂಪ. ಸಾಮಾನ್ಯವಾಗಿ ತಾಯಿಹಾಲು ಬಿಟ್ಟ ಮೇಲೆ ಆ ಕಿಣ್ವ ನಿಂತುಹೋಗುತ್ತದೆ. ದನ ಸಾಕಿದ ಜನರಲ್ಲಿ ಮಾತ್ರ ಅದನ್ನು ನಿಲ್ಲಗೊಡದ ಒಂದು ಸಣ್ಣ ಬದಲಾವಣೆ ಹರಡಿತು. ಯುರೋಪಿನವರ ಬದಲಾವಣೆಯೇ ಭಾರತದಲ್ಲೂ ಇದೆ. ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಅಮುಲ್ ಹುಟ್ಟಿದ ಆನಂದ್‌ನಲ್ಲಿ ಲೋಟಗಟ್ಟಲೆ ಹಾಲು ಕುಡಿಯುವವರ ಪಕ್ಕದಲ್ಲಿ ಕೂತ ಕನ್ನಡಿಗನಿಗೆ ಹೊಟ್ಟೆ ಉಬ್ಬರಿಸಿದರೆ ನಾಚಿಕೆಪಡಬೇಕಿಲ್ಲ. ಮಜ್ಜಿಗೆ ಕೇಳಿ. ಹಾಲಿನ ಸಕ್ಕರೆಯನ್ನು ಅಷ್ಟಿಷ್ಟು ಒಡೆಯುವ ಕೆಲಸ ಅದರಲ್ಲಿ ಬ್ಯಾಕ್ಟೀರಿಯಾ ಮಾಡಿಟ್ಟಿರುತ್ತದೆ.

● ಆಲದ ಮರದ ಹೂವು ಹಣ್ಣಿನೊಳಗೇ ಅಡಗಿದೆ. ಅದಕ್ಕೆ ಪರಾಗ ತಲುಪಿಸಲು ಒಂದು ಕಣಜವೇ ಬೇಕು. ಹೆಣ್ಣು ಕಣಜ ಇಕ್ಕಟ್ಟಾದ ಬಾಯಿಯಿಂದ ನುಸುಳುವಾಗ ರೆಕ್ಕೆ ಹರಿದುಹೋಗುತ್ತದೆ. ಒಳಗೇ ಮೊಟ್ಟೆಯಿಟ್ಟು ಸಾಯುತ್ತದೆ. ಕಣಜವಿಲ್ಲದೆ ಆಲಕ್ಕೆ ಬೀಜವಿಲ್ಲ, ಆಲವಿಲ್ಲದೆ ಕಣಜಕ್ಕೆ ಮರಿಯಿಲ್ಲ. ಕೋಟ್ಯಂತರ ವರ್ಷ ಜೊತೆಜೊತೆಗೇ ಬದಲಾದ ಜೋಡಿ ಇದು.

● ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಗಂಡು ಕಪ್ಪೆ ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದಕ್ಕೆ ಕುಂಬಾರ ಕಪ್ಪೆ ಎಂದೇ ಹೆಸರಿಟ್ಟರು.

● ಕಿತ್ತೂರಿನ ಸೆರೆಯಾಳು ಡಾರ್ವಿನ್ನರಿಗೆ ಪಾರಿವಾಳ ಕಳಿಸಿದ್ದು ಗೊತ್ತೇ? ಅಹಮದಾಬಾದಿನ ಪೋಳ್ ಎಂಬ ಹಳೆಯ ಕೇರಿಗಳಲ್ಲಿ ಪಾರಿವಾಳಕ್ಕೆ ಕಾಳು ಹಾಕಲೆಂದೇ ಕಟ್ಟಿದ ಚಬೂತರಾಗಳಿವೆ. ಆ ಪಾರಿವಾಳವೇ ಡಾರ್ವಿನ್ನರ ಮೊದಲ ಸಾಕ್ಷಿ. ಗಲಾಪಗೋಸ್‌ನ ಫಿಂಚ್ ಹಕ್ಕಿಗಳಿಗೆ ಹೆಸರು ಬಂದದ್ದು ಆಮೇಲೆ; 1859ರ ಅವರ ಪುಸ್ತಕದ ಮೊದಲ ಅಧ್ಯಾಯ ತುಂಬಿರುವುದು ಪಾರಿವಾಳ. ಬಾಲ ಬೀಸಣಿಗೆಯಂಥದ್ದು, ಕತ್ತಿನ ಚೀಲ ಉಬ್ಬಿಸುವಂಥದ್ದು, ಲಾಗ ಹಾಕುವಂಥದ್ದು, ಎಲ್ಲ ತಳಿಗಳೂ ಒಂದೇ ಕಾಡು ಪಾರಿವಾಳದಿಂದ ಬಂದವು. ಸಾಕುವವರು ಕೆಲವೇ ಸಾವಿರ ವರ್ಷ ಆರಿಸಿ ಆರಿಸಿ ಇಷ್ಟು ಮಾಡಿದರೆ ನಿಸರ್ಗ ಕೋಟಿ ವರ್ಷಗಳಲ್ಲಿ ಏನೇನು ಮಾಡದು ಎಂಬುದು ಅವರ ವಾದ. ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳಿಸಿದವರೆಂದು ಅವರು ಹೆಸರು ಹೇಳಿ ನೆನೆದಿರುವುದು ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಯನ್ನು. 1824ರಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಕಿತ್ತೂರಿನ ಕಾಳಗದಲ್ಲಿ ರಾಣಿ ಚೆನ್ನಮ್ಮನ ಕಡೆಯವರು ಸ್ಟೀವನ್‌ಸನ್ ಎಂಬ ಇನ್ನೊಬ್ಬ ಅಧಿಕಾರಿಯ ಜೊತೆ ಸೆರೆಹಿಡಿದಿದ್ದ ಎಲಿಯಟ್ ಇವನೇ! ರಾಣಿ ಅವನನ್ನು ಜೀವಸಹಿತ ಬಿಟ್ಟಳು. ಮುಂದೆ ಅವನು ಕನ್ನಡ ಶಾಸನಗಳ ಪ್ರತಿ ಮಾಡಿಸಿದ, ಪ್ರಾಣಿಗಳ ಪಟ್ಟಿ ಮಾಡಿದ. ನಮ್ಮ ಪಠ್ಯಗಳಲ್ಲಿ ಕಿತ್ತೂರು ಒಂದು ಪುಸ್ತಕದಲ್ಲಿ, ಡಾರ್ವಿನ್ ಇನ್ನೊಂದರಲ್ಲಿ. ಎರಡನ್ನೂ ಕೂಡಿಸಿ ಹೇಳಿದ ಮೇಷ್ಟ್ರು ಅಪರೂಪ.

● ‘ಮಂಗನಿಂದ ಮಾನವನಾದರೆ ಮಂಗಗಳು ಇನ್ನೂ ಏಕಿವೆ?’ ದೊಡ್ಡಪ್ಪನ ಮಕ್ಕಳು ಇರುವಾಗ ನೀವು ಹೇಗೆ ಹುಟ್ಟಿದಿರಿ ಎಂದು ಕೇಳಿದ ಹಾಗಾಯಿತು. ಇಬ್ಬರಿಗೂ ಅಜ್ಜ ಒಬ್ಬನೇ. ಚಿಂಪಾಂಜಿಗೂ ನಮಗೂ ಆ ಅಜ್ಜ ಬದುಕಿದ್ದು 60–70 ಲಕ್ಷ ವರ್ಷಗಳ ಹಿಂದೆ.

● ಗುಜರಾತಿನ ಹತ್ತಿ ಹೊಲದಲ್ಲಿ ಹತ್ತೇ ವರ್ಷದೊಳಗೆ ವಿಕಾಸ ನಡೆದುಹೋಯಿತು. ಹತ್ತಿಯಲ್ಲಿ ಗುಜರಾತಿಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಜಗತ್ತಿನ ಮೊದಲ ವಾಣಿಜ್ಯ ಹೈಬ್ರಿಡ್ ಹತ್ತಿ ಎಚ್–4 ಸೂರತ್ತಿನಲ್ಲಿ ಸಿ.ಟಿ. ಪಟೇಲರು 1970ರಲ್ಲಿ ಕೊಟ್ಟದ್ದು. ಎರಡೇ ವರ್ಷದಲ್ಲಿ ಧಾರವಾಡದ ಬಿ.ಎಚ್. ಕಟರಕಿಯವರ ವರಲಕ್ಷ್ಮಿ ಬಂತು. 2002ರಲ್ಲಿ ಬಿ.ಟಿ. ಹತ್ತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಬ್ಯಾಕ್ಟೀರಿಯಾದ ಒಂದು ವಂಶವಾಹಿ ಸೇರಿಸಿದ ಗಿಡ ಅದು. ತಿಂದ ಕಾಯಿಕೊರಕ ಸಾಯುತ್ತದೆ. 2010ರಲ್ಲಿ ಬೀಜ ತಯಾರಿಸಿದ ಕಂಪನಿಯೇ ಒಪ್ಪಿಕೊಂಡಿತು: ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ್ ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಸಾಯುತ್ತಿಲ್ಲ. ಎರಡು ವಂಶವಾಹಿಯ ಬೀಜ ಅಷ್ಟರಲ್ಲೇ ಬಂದಿತ್ತು. ಇನ್ನೈದು ವರ್ಷದಲ್ಲಿ ಹುಳ ಅದನ್ನೂ ಅರಗಿಸಿಕೊಂಡಿತು. ರಾಯಚೂರಿನ ಕಡೆಯ ರೈತರಿಗೆ ಮುಂದಿನ ಕತೆ ಹೇಳಬೇಕಿಲ್ಲ.

‘ಹುಳ ವಿಷಕ್ಕೆ ಒಗ್ಗಿಕೊಂಡಿತು’ ಎನ್ನುವುದು ರೂಢಿಯ ಮಾತು. ಯಾವ ಹುಳವೂ ಒಗ್ಗಿಕೊಳ್ಳಲಿಲ್ಲ, ಸಾಯಬೇಕಾದವು ಸತ್ತವು. ಬಿ.ಟಿ. ವಿಷ ಹುಳದ ಕರುಳಿನ ಕ್ಯಾಡ್ಹೆರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೊಲ್ಲುತ್ತದೆ. ಲಕ್ಷಾಂತರ ಹುಳಗಳಲ್ಲಿ ಎಲ್ಲೋ ಕೆಲವಕ್ಕೆ ಆ ಪ್ರೋಟೀನು ಹುಟ್ಟಿನಿಂದಲೇ ತುಸು ಕೆಟ್ಟಿತ್ತು. ಬಿ.ಟಿ. ಇಲ್ಲದ ಕಾಲದಲ್ಲಿ ಅದರಿಂದ ಲಾಭವೇನೂ ಇರಲಿಲ್ಲ. ಬಿ.ಟಿ. ಬಂದ ಮೇಲೆ ಉಳಿದದ್ದು ಅವೇ, ಸಂತಾನ ಬೆಳೆಸಿದ್ದೂ ಅವೇ. ಮೊದಲು ವ್ಯತ್ಯಾಸ, ಆಮೇಲೆ ಆಯ್ಕೆ, ಆಮೇಲೆ ಪಿತ್ರಾರ್ಜಿತ. ಡಾರ್ವಿನ್ ಹೇಳಿದ್ದು ಇಷ್ಟನ್ನೇ.

ತಡೆಯುವ ದಾರಿಯೂ ಇತ್ತು. ಬೀಜದ ಪ್ಯಾಕೆಟ್ಟಿನ ಜೊತೆ 120 ಗ್ರಾಂ ನಾನ್–ಬಿ.ಟಿ. ಬೀಜ ಇರುತ್ತಿತ್ತು, ಹೊಲದ ಅಂಚಿಗೆ ಬಿತ್ತಲೆಂದು. ಅದರಲ್ಲಿ ಬೆಳೆದ ಸಾಧಾರಣ ಪತಂಗಗಳು ಗಟ್ಟಿ ಪತಂಗಗಳೊಂದಿಗೆ ಕೂಡಿದರೆ ಹುಟ್ಟುವ ಮರಿ ವಿಷಕ್ಕೆ ಸಾಯುತ್ತದೆ. ನಿರೋಧಕ ಗುಣ ಹರಡುವುದಿಲ್ಲ. ಹುಳಕ್ಕೆಂದೇ ಬೆಳೆ ಬಿಡಬೇಕೇ ಎಂದು ಬಹಳಷ್ಟು ಮಂದಿ ಪೊಟ್ಟಣ ಎಸೆದರು. ರೈತರನ್ನಷ್ಟೇ ದೂರುವುದು ಅನ್ಯಾಯ. ಅದು ಏಕೆ ಬೇಕು ಎಂದು ಹೊಲಕ್ಕೆ ಬಂದು ತಿಳಿಸಿ ಹೇಳಿದವರು ಎಷ್ಟು ಜನ? ನೀರಾವರಿ ಇದ್ದ ಕಡೆ ಬೆಳೆಯನ್ನು ಮಾರ್ಚ್‌ವರೆಗೂ ನಿಲ್ಲಿಸಿದ್ದರಿಂದ ಹುಳಕ್ಕೆ ಇನ್ನಷ್ಟು ತಲೆಮಾರು ಸಿಕ್ಕಿತು. ಅಮೆರಿಕದ ಅರಿಜೋನಾದಲ್ಲಿ ಹುಳ ಅದೇ, ವಿಷ ಅದೇ. ಅಲ್ಲಿ ನಾನ್–ಬಿ.ಟಿ. ಪಟ್ಟಿ ಬಿತ್ತಿದರು, ಆಮೇಲೆ ಬಂಜೆ ಪತಂಗ ಬಿಟ್ಟರು. 2018ರಲ್ಲಿ ಅಮೆರಿಕ ತನ್ನ ಹತ್ತಿಸೀಮೆ ಈ ಹುಳದಿಂದ ಮುಕ್ತ ಎಂದು ಸಾರಿತು.

● ಸೊಳ್ಳೆ ಇದನ್ನು ಮೊದಲೇ ಮಾಡಿ ತೋರಿಸಿತ್ತು. ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯೂಲಿಸಿಫೇಸಿಸ್ ಡಿ.ಡಿ.ಟಿ.ಗೆ ಜಗ್ಗದಿರುವುದು 1959ರಲ್ಲಿ ಕಂಡುಬಂದದ್ದು ವಡೋದರಾದ ನೆರೆಯ ಪಂಚಮಹಾಲ್‌ನಲ್ಲಿ. ಗುಜರಾತ್ ರಾಜ್ಯ ಇನ್ನೂ ಹುಟ್ಟಿರಲಿಲ್ಲ.

● ವಂಶವಾಹಿಯ ಒಂದೇ ಅಕ್ಷರದ ತಪ್ಪು ರೋಗವೂ ಹೌದು, ರಕ್ಷೆಯೂ ಹೌದು. ದಕ್ಷಿಣ ಗುಜರಾತಿನ ಆದಿವಾಸಿಗಳಲ್ಲಿ, ನಮ್ಮ ಮೈಸೂರು–ಚಾಮರಾಜನಗರದ ಕಾಡಿನಂಚಿನ ಸಮುದಾಯಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ತಂದೆ ತಾಯಿ ಇಬ್ಬರಿಂದಲೂ ಆ ವಂಶವಾಹಿ ಬಂದರೆ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಮೈಕೈ ನೋವು ಹಿಂಡುತ್ತದೆ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಮೇಲಾಗಿ ತೀವ್ರ ಮಲೇರಿಯಾದಿಂದ ರಕ್ಷಣೆ. ಮಲೇರಿಯಾ ಇದ್ದ ಕಾಡುಗಳಲ್ಲಿ ಅದು ಉಳಿದದ್ದು ಹೀಗೆ. ರಕ್ತದ ಇಂಥ ದೋಷಗಳಿಗೂ ಮಲೇರಿಯಾಕ್ಕೂ ಸಂಬಂಧವಿದೆ ಎಂದು 1949ರಲ್ಲೇ ಊಹಿಸಿದವರು ಬ್ರಿಟನ್ನಿನ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು ಇಲ್ಲೇ ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

● ಗಿರ್ ಸಿಂಹಗಳ ಸಂಖ್ಯೆ 2025ರ ಗಣತಿಯಲ್ಲಿ 891. ಆದರೆ ಇವೆಲ್ಲ ನೂರು ವರ್ಷಗಳ ಹಿಂದೆ ಅಳಿವಿನಂಚಿನಲ್ಲಿ ಉಳಿದಿದ್ದ ಕೆಲವೇ ಸಿಂಹಗಳ ಸಂತತಿ. ವಂಶವಾಹಿಗಳಲ್ಲಿ ವೈವಿಧ್ಯ ತೀರ ಕಡಿಮೆ. ಆರಿಸಿಕೊಳ್ಳಲು ವ್ಯತ್ಯಾಸವೇ ಇಲ್ಲದಿದ್ದರೆ ನಿಸರ್ಗ ಏನನ್ನು ಆರಿಸೀತು? 2018ರಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತವು; ಅವುಗಳಲ್ಲಿ ಹಲವಕ್ಕೆ ತಗುಲಿದ್ದು ನಾಯಿಗಳ ವೈರಸ್ಸು. ಕೆಲವನ್ನು ಮಧ್ಯಪ್ರದೇಶದ ಕುನೋಗೆ ಸಾಗಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. ಕುನೋಗೆ 2022ರಲ್ಲಿ ಆಫ್ರಿಕಾದ ಚೀತಾ ಬಂತು, ಗಿರ್‌ನ ಸಿಂಹ ಬರಲಿಲ್ಲ.

● 2023ರಲ್ಲಿ ಎನ್.ಸಿ.ಇ.ಆರ್.ಟಿ. ಹತ್ತನೇ ತರಗತಿ ಪುಸ್ತಕದಿಂದ ಜೀವವಿಕಾಸದ ಭಾಗವನ್ನೇ ತೆಗೆಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬೇಡವೆಂದು ಸಹಿ ಹಾಕಿದರು. ಹನ್ನೆರಡನೇ ತರಗತಿಯಲ್ಲಿ ಜೀವಶಾಸ್ತ್ರ ಓದುವವರಿಗೆ ಅದು ಇದೆ. ಆದರೆ ಕಾಮರ್ಸ್ ಹಿಡಿದು ನಾಳೆ ಬೀಜದ ಅಂಗಡಿ ಇಡುವ ಹುಡುಗನಿಗೂ, ಓದು ಬಿಟ್ಟು ಹತ್ತಿ ಬಿತ್ತುವವನಿಗೂ ಆ 120 ಗ್ರಾಂ ಪೊಟ್ಟಣದ ಗುಟ್ಟು ಹೇಳುವವರು ಯಾರು?

ಮಕ್ಕಳಿದ್ದರೆ ರೈಯೋಲಿಗೆ ಕರೆದುಕೊಂಡು ಹೋಗಿ. ಅಲ್ಲೀಗ ಡೈನೋಸಾರ್ ವಸ್ತುಸಂಗ್ರಹಾಲಯವಿದೆ. ಮೊಟ್ಟೆಗಳನ್ನು ಕಣ್ತುಂಬ ನೋಡಿ ಬನ್ನಿ. ನೆನಪಿಗೆ ಒಂದಿರಲಿ ಎಂದು ಕಲ್ಲನ್ನು ಮಾತ್ರ ಜೇಬಿಗೆ ಇಳಿಸಬೇಡಿ.